ಎತ್ತಿ ಊದಿದ ಉಸಿರು

ಗೋಡೆ ತುಂಬ ಹಸಿರು ದೀಪ. ಜಿಲ್ಲೆಯ ಶಾಲೆಗೊಂದು ದೀಪ, ಅದರಲ್ಲಿ ಒಂದೂ ಕೆಂಪಿಲ್ಲ. ಹುಬ್ಬಳ್ಳಿಯ ಕಂಠ ಕಾವಲು ಕೇಂದ್ರದಲ್ಲಿ ಆ ಗೋಡೆಗೆ ಎದುರಾಗಿ ಕೂತು ಕೆಲಸ ಮಾಡುವ ಮಂದಾಕಿನಿ ಹೂಗಾರಳಿಗೆ ಈಚೆಗೆ ಮನೆಯಲ್ಲಿ ಮೆಂತ್ಯಪಲ್ಯ ಕಂಡರೂ ಸಿಟ್ಟು ಬರುತ್ತಿತ್ತು.

ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ಒಬ್ಬ ತಂದೆ ಕೂಗುತ್ತಿದ್ದ. "ಹುಡುಗಗ ಉಗುಳು ನುಂಗಾಕ ಬರವಲ್ದು, ಮೈ ಕೆಂಡ ಆಗೈತಿ. ನೀವು ನೋಡಿದ್ರ ಹಸಿರು ಅಂತೀರಿ!"

"ಸೋಮವಾರದ ವರದಿ ಹಸಿರು ಇದೆ ಸರ್. ಹಸಿರು ಇದ್ದರೆ ಸ್ಟ್ರೆಪ್ಟೊಕಾಕಸ್ ಇಲ್ಲ. ಬೇರೆ ವೈರಸ್ ಇರಬಹುದು. ಉಪ್ಪುನೀರು ಮುಕ್ಕಳಿಸೋಕೆ ಹೇಳಿ." ಇದು ಅವಳ ಮಾತಲ್ಲ. ಮೇಜಿನ ಗಾಜಿನ ಕೆಳಗೆ ಅಚ್ಚು ಹಾಕಿ ಇಟ್ಟ ಮಾತು.

"ಮುಕ್ಕಳಿಸಿ ಮುಕ್ಕಳಿಸಿ ಅವನ ಬಾಯಿ ಸಮುದ್ರ ಆಗೈತ್ರೀ ಅಕ್ಕಾರ! ಇನ್ನ ಹಡಗು ಬಿಡೂದೊಂದು ಬಾಕಿ!" ಆತ ಫೋನು ಕುಕ್ಕಿದ.

ಗಂಟಲಿನಲ್ಲಿ ಕೂತ ರೋಗಾಣುವನ್ನು ಉಸಿರಿನಿಂದಲೇ ಪತ್ತೆಹಚ್ಚುವ ಯಂತ್ರವೊಂದು ಬಂದರೆ ಏನಾದೀತು ಎಂದು ಹಿಂದೆ ಯಾರನ್ನಾದರೂ ಕೇಳಿದ್ದರೆ, ಇನ್ನೇನು ಬೇಕು, ಮಕ್ಕಳ ಕಷ್ಟ ಕಳೆಯಿತು ಎನ್ನುತ್ತಿದ್ದರು. ಮಂದಾಕಿನಿಯೂ ಹಾಗೆಯೇ ಅಂದಿದ್ದಳು. ಸ್ಟ್ರೆಪ್ಟೊಕಾಕಸ್ ಎಂಬುದು ಮಣಿಸರದ ಹಾಗೆ ಒಂದಕ್ಕೊಂದು ಅಂಟಿಕೊಂಡು ಬೆಳೆಯುವ ದುಂಡನೆಯ ಸೂಕ್ಷ್ಮಾಣು. ಗಂಟಲಿನಲ್ಲಿ ಮನೆ ಮಾಡಿ, ಅಲ್ಲಿ ಸಿಕ್ಕ ಸಕ್ಕರೆ ತಿಂದು, ಒಂದು ಬಗೆಯ ಆವಿ ಬಿಡುತ್ತದೆ. ಮನುಷ್ಯರ ಮೂಗಿಗೆ ಅದು ಹತ್ತುವುದಿಲ್ಲ. ಉಸಿರುಗೋಲು ಎಂಬ ಈ ಯಂತ್ರದ ಒಳಗಿನ ತೆಳು ಪದರಕ್ಕೆ ಹತ್ತುತ್ತದೆ. ಮಗು ಕೊಳವೆಗೆ ಊದಬೇಕು. ಉಸಿರಿನ ವೇಗಕ್ಕೆ ಒಳಗೊಂದು ಪುಟ್ಟ ಚಕ್ರ ತಿರುಗಿ ಊದಿದ್ದು ಸಾಕು ಎಂದು ಒಪ್ಪಬೇಕು. ಪದರ ವಾಸನೆ ಹಿಡಿದರೆ ಕೆಂಪು, ಇಲ್ಲದಿದ್ದರೆ ಹಸಿರು. ಮಕ್ಕಳು ಅದಕ್ಕೆ ಪೀಪಿ ಎಂದು ಹೆಸರಿಟ್ಟಿದ್ದರು.

ಗಂಟಲು ನೋವಿಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ಮಂದಾಕಿನಿ ತನ್ನ ಮಗಳನ್ನು ತೋರಿಸಬಲ್ಲಳು. ನೋವೇನೋ ನಾಲ್ಕು ದಿನಕ್ಕೆ ತಾನಾಗಿ ಹೋಗುತ್ತದೆ. ಕಿರುಕುಳ ಶುರುವಾಗುವುದು ಆಮೇಲೆ. ದೇಹದ ಕಾವಲುಪಡೆ ಆ ಸೂಕ್ಷ್ಮಾಣುವಿನ ಹೊದಿಕೆಯ ಗುರುತು ಹಿಡಿದು ಹೊಡೆಯಲು ಕಲಿತಿರುತ್ತದೆ. ಹೃದಯದ ಕವಾಟ, ಮಂಡಿಯ ಕೀಲು ಇವುಗಳ ಮೇಲೂ ಅಂಥದೇ ಗುರುತಿದೆ. ಕಳ್ಳನಂಥದೇ ಅಂಗಿ ತೊಟ್ಟ ತಪ್ಪಿಗೆ ಮನೆಯವರಿಗೇ ಲಾಠಿ ಬೀಳುತ್ತದೆ. ಮಗಳು ಬನಶ್ರೀಗೆ ಎಂಟನೆಯ ವಯಸ್ಸಿನಲ್ಲಿ ಮೊದಲು ಬಲಮಂಡಿ, ಆಮೇಲೆ ಎಡಮಂಡಿ, ಆಮೇಲೆ ಮುಂಗೈ ಬಾತು, ಕಡೆಗೆ ಎದೆಯಲ್ಲಿ ಇರಬಾರದ ಒಂದು ಸಪ್ಪಳ ಉಳಿದುಕೊಂಡಿತ್ತು. ಇನ್ನೊಮ್ಮೆ ಹಾಗಾದರೆ ಕವಾಟ ಕೆಡುತ್ತದೆ, ಆಮೇಲೆ ಶಸ್ತ್ರಚಿಕಿತ್ಸೆಯೇ ಗತಿ ಎಂದು ಡಾಕ್ಟರು ಹೇಳಿದ್ದರು. ಹಾಗಾಗಬಾರದೆಂದು ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಹಾಕಿಸಬೇಕಿತ್ತು, ಹುಡುಗಿ ದೊಡ್ಡವಳಾಗುವವರೆಗೂ.

ಆ ಸೂಜಿಯೂ ಮಳೆಗಾಲದಲ್ಲಿ ನಿಂತಿತು. ನಿಧಾನವಾಗಿ ಕರಗುವ ಆ ಪೆನಿಸಿಲಿನ್ ಮಾಡುವ ಕಾರ್ಖಾನೆಗಳು ಬೆರಳೆಣಿಕೆಯಷ್ಟೇ ಉಳಿದಿದ್ದವು. ಆರು ತಿಂಗಳು ಸತತವಾಗಿ ಹಸಿರು ಬಂದ ಮಕ್ಕಳಿಗೆ ಸೂಜಿ ಬೇಡ ಎಂದು ಆದೇಶ ಬಂತು. ಬನಶ್ರೀಗೆ ಹಬ್ಬ; ಸೂಜಿ ನಿಂತ ದಿನ ಓಣಿಯಲ್ಲಿ ಚಾಕಲೇಟು ಹಂಚಿದ್ದಳು.

"ಮಂದಾಕಿನಿಯವರೆ, ಇದನ್ನ ಸ್ವಲ್ಪ ಕೇಳ್ರಿ." ಕೇಂದ್ರದ ಮುಖ್ಯಾಧಿಕಾರಿ ವೀರೇಂದ್ರ ಅಂಗಡಿ ಸಾಹೇಬರು ಗುರುವಾರದ ಸಮಾರಂಭದ ಭಾಷಣ ಬಾಯಿಪಾಠ ಮಾಡುತ್ತ ಓಡಾಡುತ್ತಿದ್ದರು. "ಇಡೀ ದೇಶದಲ್ಲಿ ಮೊಟ್ಟಮೊದಲ ಸ್ಟ್ರೆಪ್ಟೊಕಾಕಸ್ ಮುಕ್ತ ಜಿಲ್ಲೆ... ಮುಕ್ತ ಅನ್ನೂ ಮುಂದ ಸ್ವಲ್ಪ ನಿಂದರಲೋ, ಆಮೇಲೋ?"

"ಮುಂದ ನಿಂದರ್ರಿ ಸರ್," ಎಂದಳು ಅವಳು. ಅಷ್ಟರಲ್ಲಿ ಅವಳ ಸ್ವಂತ ಫೋನು ನಡುಗಿತು. ಅತ್ತೆ ಬಸಲಿಂಗವ್ವ.

"ಬನೀಗೆ ಜ್ವರ ಬಂದಾವ ನೋಡಬೇ. ಶನಿವಾರದಿಂದ ಗಂಟಲಾ ನೋಯಾಕತ್ತಿತ್ತಂತ. ಮತ್ತ ಸೂಜಿ ಮಾಡ್ತಾರಂತ ಹೇಳೇ ಇಲ್ಲ, ಕಳ್ಳಿ."

ಮಂದಾಕಿನಿ ಪರದೆಯ ಮೇಲೆ ಮಗಳ ಹೆಸರು ಹುಡುಕಿದಳು. ಅಂದೇ ಬೆಳಿಗ್ಗೆ ಊದಿದ್ದಾಳೆ. ಹಸಿರು.

*

ಅವರ ಮನೆ ಗಿರಣಿಚಾಳಿನಲ್ಲಿ. ಗಿರಣಿ ಮುಚ್ಚಿ ಎಷ್ಟೋ ಕಾಲವಾದರೂ ಚಾಳು ಉಳಿದಿತ್ತು. ಗೋಡೆಗೆ ಗೋಡೆ, ಬಾಗಿಲಿಗೆ ಬಾಗಿಲು, ಒಂದೇ ಖೋಲಿಯಲ್ಲಿ ಆರು ಮಂದಿ ಮಲಗುವ ಮನೆಗಳು. ಒಬ್ಬರು ಕೆಮ್ಮಿದರೆ ಮೂರು ಮನೆಯಲ್ಲಿ ಕೇಳುತ್ತಿತ್ತು. ಸ್ಟ್ರೆಪ್ಟೊಕಾಕಸ್ಸಿಗೆ ಇದಕ್ಕಿಂತ ಒಳ್ಳೆಯ ಊರು ಎಲ್ಲಿ ಸಿಕ್ಕೀತು? ಆದರೂ ಇಲ್ಲಿಯ ಶಾಲೆಯ ದೀಪವೂ ಹಸಿರು. ಮಂದಾಕಿನಿ ಹಿಂದೆ ಒಂದೆರಡು ಸಲ ಅದನ್ನು ವಿಚಿತ್ರವೆಂದುಕೊಂಡಿದ್ದಳು. ಆಮೇಲೆ, ಸಂಜೆ ಕಾಲೇಜಿನಲ್ಲಿ ಓದಿ ಡಿಪ್ಲೊಮಾ ತೆಗೆದುಕೊಂಡವಳು ನಾನು, ಯಂತ್ರ ಮಾಡಿದವರಿಗೆ ನನಗಿಂತ ಹೆಚ್ಚು ತಿಳಿದಿರುವುದಿಲ್ಲವೆ, ಎಂದು ಸುಮ್ಮನಾಗಿದ್ದಳು.

"ಬಾಯಿ ತೆಗಿ."

"ಆಂ..."

"ನಾಲಗಿ ಕೆಳಗ ಒತ್ತು. ಇನ್ನೂ."

ಟಾರ್ಚಿನ ಬೆಳಕಿನಲ್ಲಿ ಗಂಟಲು ದಾಸವಾಳದ ಹಾಗೆ ಕೆಂಪಾಗಿತ್ತು. ಗಂಟಲ ಎರಡೂ ಬದಿಯ ಗಡ್ಡೆಗಳ ಮೇಲೆ ಬಿಳಿ ಬಿಳಿ ಚುಕ್ಕೆ. ದವಡೆಯ ಕೆಳಗೆ ಮುಟ್ಟಿದರೆ ಹುಡುಗಿ ಚೀರಿದಳು. ಕೆಮ್ಮಿಲ್ಲ, ನೆಗಡಿಯಿಲ್ಲ. ಮಂದಾಕಿನಿ ಎರಡು ಸಲ ನೋಡಿದಳು, ಟಾರ್ಚ್ ಬದಲಿಸಿ ಮೂರನೆಯ ಸಲ ನೋಡಿದಳು. ಯಂತ್ರ ಹಸಿರು ಅಂದ ಮೇಲೆ ತನ್ನ ಕಣ್ಣಿಗೇ ಏನೋ ಆಗಿರಬೇಕೆಂದು ಅನುಮಾನ.

"ಪೀಪಿ ಸುಳ್ಳ ಹೇಳತೈತೇನಬೇ?" ಅತ್ತೆ ಕೇಳಿದರು.

"ಸುಳ್ಳ ಹೇಳಂಗಿಲ್ಲ ಅತ್ತಿ. ಸಾವಿರ ಮಂದಿ ಮ್ಯಾಲೆ ಪರೀಕ್ಷಾ ಮಾಡ್ಯಾರ."

"ಹಂಗಾದ್ರ ಗಂಟಲಾ ಸುಳ್ಳ ಹೇಳತೈತಿ ಬಿಡು," ಎಂದು ಅತ್ತೆ ಅರಿಶಿನದ ಹಾಲು ಕಾಸಲು ಎದ್ದರು.

ಗಂಡ ರುದ್ರೇಶ ಬಸ್ಸಿನ ಕೆಲಸದ ಮೇಲೆ ಕಾರವಾರದ ಕಡೆ ಹೋಗಿದ್ದ. ಮಂದಾಕಿನಿ ಮಗಳನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಚಾಳಿನ ದವಾಖಾನೆಗೆ ಹೊರಟಳು.

ಡಾಕ್ಟರ್ ಫರ್ಜಾನಾ ಸವಣೂರ ಹುಡುಗಿಯ ಬಾಯೊಳಗೆ ಒಂದೇ ಸಲ ಬೆಳಕು ಬಿಟ್ಟು ನೋಡಿ ಕುರ್ಚಿಗೆ ಒರಗಿದರು. ಬನಶ್ರೀಯ ಎದೆಯ ಸಪ್ಪಳವನ್ನು ಮೊದಲು ಕೇಳಿದವರು ಇವರೇ.

"ಇದು ಸ್ಟ್ರೆಪ್ ಅಲ್ಲ ಅಂದ್ರ ನಾ ಡಾಕ್ಟರಕಿ ಬಿಟ್ಟು ಮಿರ್ಚಿ ಕರೀತೀನಿ."

"ಆದ್ರ ವರದಿ ಹಸಿರೈತ್ರಿ ಮೇಡಂ."

"ಹೌದವ್ವಾ, ಐತಿ! ಅದಕ್ಕ ನನಗ ಸಿಟ್ಟು ಬರಾಕತ್ತೈತಿ!" ಅವರು ಗೋಡೆಯ ಬದಿಯ ಉಕ್ಕಿನ ಕಪಾಟನ್ನು ಕೈಯಿಂದ ಬಡಿದರು. ಅದಕ್ಕೆ ಕೀಲಿಕೈ ಇಲ್ಲ. ರೋಗಿಯ ಹೆಸರಿನ ಮುಂದೆ ಕೆಂಪು ಬಂದರೆ ಮಾತ್ರ ತಾನಾಗಿ ತೆರೆಯುವ ಕಪಾಟು. ಸುಮ್ಮಸುಮ್ಮನೆ ಆ್ಯಂಟಿಬಯೋಟಿಕ್ ನುಂಗಿ ನುಂಗಿ ಔಷಧಗಳಿಗೇ ರೋಗಾಣು ಬಗ್ಗದಂತಾಗಿದೆ ಎಂದು, ವರದಿಯಿಲ್ಲದೆ ಒಂದು ಮಾತ್ರೆಯನ್ನೂ ಎಲ್ಲಿಯೂ ಕೊಡಬಾರದೆಂಬ ಕಾನೂನು ಬಂದಿತ್ತು. ಔಷಧದ ಅಂಗಡಿಗೂ ಅದೇ ಕಾನೂನು. "ಒಳಗ ಸೂಜಿ ಅದಾವ. ಹೊರಗ ನಾ ಅದೀನಿ. ನಡುವ ನಿಮ್ಮ ಪೀಪಿ."

"ಗಂಟಲದ ದ್ರವ ತೆಗೆದು ಲ್ಯಾಬಿಗೆ ಕಳಿಸಿದ್ರ?"

"ಯಾವ ಲ್ಯಾಬು? ಪೀಪಿ ಬಂದ ಮ್ಯಾಲೆ ಆ ವಿಭಾಗಕ್ಕ ಕೀಲಿ ಹಾಕ್ಯಾರ. ಅಲ್ಲೀಗ ಹಳೇ ಕುರ್ಚಿ ಇಟ್ಟಾರ." ಡಾಕ್ಟರು ದನಿ ತಗ್ಗಿಸಿದರು. "ನೋಡು ಮಂದಾಕಿನಿ, ನೋವು ಶುರುವಾಗಿ ಒಂದು ವಾರ, ಭಾಳಂದ್ರ ಒಂಬತ್ತು ದಿನ. ಅದರೊಳಗ ಪೆನಿಸಿಲಿನ್ ಬಿದ್ರ ಹೃದಯಕ್ಕ ಹೋಗೂದನ್ನ ತಡೀಬಹುದು. ಆಮೇಲೆ ಕೊಟ್ರ ಗಂಟಲಾ ಸ್ವಚ್ಛ ಆಗತೈತಿ, ಎದಿ ಉಳಿಯೂ ಭರವಸೆ ಇಲ್ಲ. ನಾಳೆ ಸಾಲಿಗೆ ಹೋಗಿ ಮತ್ತೊಮ್ಮೆ ಊದಿಸು. ಬೇಕಾದ್ರ ಪೀಪಿ ತಲಿ ಮ್ಯಾಲೆ ಕುಟ್ಟು."

ಬನಶ್ರೀಗೆ ಮಾತ್ರ ಖುಷಿ. "ಅಂದ್ರ ಇವತ್ತ ಸೂಜಿ ಇಲ್ಲಲ್ಲ?"

*

ಮರುದಿನ ಮಂದಾಕಿನಿ ರಜೆ ಹಾಕಿ ಮಗಳೊಂದಿಗೆ ಶಾಲೆಗೆ ಹೋದಳು. ಐದನೆಯ ತರಗತಿಯ ಕಸ್ತೂರಿ ಟೀಚರ್ ಅರಿವೆಯಲ್ಲಿ ಸುತ್ತಿಟ್ಟ ಉಸಿರುಗೋಲನ್ನು ತಂದು, ದೇವರ ಸಾಮಾನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದರು.

"ಸೋಮವಾರ ಬಿಟ್ಟು ಊದಿಸೂ ಪದ್ಧತಿ ಇಲ್ರಿ. ನೀವು ಕೇಂದ್ರದವರು ಅಂತ ತೆಗೀತೀನಿ. ಬಾರವಾ ಬನಶ್ರೀ."

ಬನಶ್ರೀ ಬಂದಳು. ತಲೆಯನ್ನು ಹಿಂದಕ್ಕೆ ವಾಲಿಸಿದಳು. ಟೀಚರ್ ಕೊಳವೆಯನ್ನು ಹುಡುಗಿಯ ಬಾಯಿಯಿಂದ ಒಂದು ಗೇಣು ಮೇಲೆ ಹಿಡಿದರು. ಹುಡುಗಿ ಕೆನ್ನೆ ಉಬ್ಬಿಸಿ, ಒಲೆ ಊದಿದ ಹಾಗೆ, ಗುರಿಯಿಟ್ಟು ಫೂ ಎಂದಳು. ಒಳಗಿನ ಚಕ್ರ ಗಿರ್ರೆಂದಿತು. ಹಸಿರು.

ಮಂದಾಕಿನಿ ಕಣ್ಣು ಪಿಳಿಪಿಳಿ ಬಿಟ್ಟಳು. "ಹಿಂಗ್ಯಾಕ ಊದಿದಿ?"

"ಹಿಂಗ ಊದೂದು ಅವ್ವಾ."

"ಕೊಳವೀನ ಬಾಯಾಗ ಇಟ್ಕೊಳ್ಳಂಗಿಲ್ಲ?"

ತರಗತಿಯೆಲ್ಲ ಒಮ್ಮೆಲೇ "ಶೀ!" ಎಂದಿತು. ಮುಂದಿನ ಸಾಲಿನ ಒಬ್ಬ ಹುಡುಗಿ ನಾಚಿ ಮುಖ ಮುಚ್ಚಿಕೊಂಡಳು.

"ಎಂಜಲಾ ಆಗತೈತಲ್ರೀ," ಕಸ್ತೂರಿ ಟೀಚರ್ ತಿಳಿಯದ ಮಗುವಿಗೆ ಹೇಳುವಂತೆ ಹೇಳಿದರು. "ಐವತ್ತು ಮಕ್ಕಳಿಗೆ ಒಂದ ಪೀಪಿ. ಎಲ್ಲಾರೂ ತುಟಿ ಹಚ್ಚಿದ್ರ ಹೆಂಗ? ಮೊದಲ ದಿನಾನ ತಾಯಂದಿರು ಬಂದು ಜಗಳಾ ತೆಗೆದ್ರು. ಅದಕ್ಕ ಎತ್ತಿ ಊದಿಸ್ತೀವಿ. ಈಗ ನಮ್ಮ ಹುಡುಗರು ಎಷ್ಟು ಚಲೋ ಕಲ್ತಾರಂದ್ರ, ಗುರಿ ತಪ್ಪಂಗಿಲ್ಲ. ನಿಮ್ಮ ಅತ್ತಿಯವರು ಮನ್ಯಾಗ ತಂಬಿಗಿ ಮ್ಯಾಲೆ ಬನಶ್ರೀಗೆ ಚಲೋ ಪ್ರ್ಯಾಕ್ಟೀಸ್ ಕೊಟ್ಟಾರ."

ನಗಬೇಕೋ ಕೂಗಬೇಕೋ ಮಂದಾಕಿನಿಗೆ ತಿಳಿಯಲಿಲ್ಲ. ಯಂತ್ರ ಮಾಡಿದವರು ಕೊಳವೆಗೆ ತುಟಿ ಹಚ್ಚಿ ಪರೀಕ್ಷಿಸಿದ್ದರು. ಉದ್ಘಾಟನೆಗೆ ಬಂದವರೂ ಕ್ಯಾಮೆರಾ ಮುಂದೆ ತುಟಿ ಹಚ್ಚಿಯೇ ಊದಿದ್ದರು. ಅವರು ಹೋದ ಮೇಲೆ ಜಿಲ್ಲೆಯ ಎಲ್ಲ ಶಾಲೆಗಳಲ್ಲಿ, ಯಾರೂ ಯಾರಿಗೂ ಹೇಳಿಕೊಡದೆ, ನೀರು ಕುಡಿದ ಹಾಗೆಯೇ ಊದತೊಡಗಿದ್ದರು. ಗೇಣಿನಾಚೆಯಿಂದ ಊದಿದರೆ ಚಕ್ರ ತಿರುಗುತ್ತದೆ, ನಿಜ. ಆದರೆ ಕೊಳವೆಗೆ ಹೋಗುವುದು ಬಹುಪಾಲು ತರಗತಿಯ ಗಾಳಿ. ಗಂಟಲಿನ ಆವಿ ಅದರಲ್ಲಿ ಬೆರೆತು ತೆಳ್ಳಗಾಗಿ ಪದರಕ್ಕೆ ತಿಳಿಯುವುದೇ ಇಲ್ಲ. ಎಂಟು ತಿಂಗಳಿಂದ ಯಂತ್ರ ಜಿಲ್ಲೆಯ ಶಾಲೆಗಳ ಗೋಡೆ, ಹಲಗೆ, ಸೀಮೆಸುಣ್ಣಗಳಿಗೆ ಸ್ಟ್ರೆಪ್ಟೊಕಾಕಸ್ ಇಲ್ಲವೆಂದು ಸಾರುತ್ತ ಬಂದಿತ್ತು.

"ಒಬ್ಬೊಬ್ಬರಿಗೆ ಒಂದೊಂದು ಹೊಸಾ ತುದಿ ಅಂತ ಕಳಿಸಿದ್ದರಲ್ರೀ? ಒಮ್ಮೆ ಹಚ್ಚಿ ಒಗೆಯೂ ಕಾಗದದ ತುದಿ?"

"ಅವು ಕಪಾಟಿನ್ಯಾಗ ಅದಾವ. ತನಿಖೆಗೆ ಬಂದಾಗ ತೋರಿಸಬೇಕಲ್ರೀ? ಖರ್ಚ ಮಾಡಿದ್ರ ಏನು ತೋರಿಸೂದು?"

"ಒಂದು ಕೊಡ್ರಿ."

"ಹೆಡ್‌ಮಾಸ್ತರ್ರು ಸಭೆಗೆ ಹೋಗ್ಯಾರ..."

"ಟೀಚರ್, ಒಂದು ಕೊಡ್ರಿ!" ಮಂದಾಕಿನಿಯ ದನಿ ತನಗೇ ಗುರುತು ಸಿಗದಷ್ಟು ಏರಿತು. ಟೀಚರ್ ಹೆದರಿ ಒಂದು ತುದಿ ತಂದರು.

ಬನಶ್ರೀ ಬಾಯಿ ಬಿಗಿಹಿಡಿದಳು. "ನಾ ಒಲ್ಲೆ. ಎಲ್ಲಾರೂ ನೋಡಾಕತ್ತಾರ."

"ಹೊಸಾದು ಐತಿ, ಯಾರೂ ಮುಟ್ಟಿಲ್ಲ."

"ಅಜ್ಜಿ ಬೈತಾಳ."

"ಅಜ್ಜಿಗೆ ನಾ ಹೇಳ್ತೀನಿ. ಊದಬೇ ನನ್ನವ್ವಾ."

ಹುಡುಗಿ ಕಣ್ಣು ಮುಚ್ಚಿ, ಕಹಿ ಕಷಾಯ ಕುಡಿಯುವವಳ ಮುಖ ಮಾಡಿ, ತುಟಿ ಹಚ್ಚಿ ಊದಿದಳು. ದೀಪ ಕೆಂಪಾಯಿತು.

ಟೀಚರ್ "ಅಯ್ಯ ಶಿವನ" ಎಂದರು. ಮಂದಾಕಿನಿಗೆ ಒಂದು ಉಸಿರು ಹಗುರಾಯಿತು. ಆದರೆ ಆ ಕೆಂಪು ನೋಡನೋಡುತ್ತಲೇ ಆರಿ, ಪರದೆಯ ಮೇಲೆ ಅಕ್ಷರ ಮೂಡಿದವು: ಒಂಟಿ ಕೆಂಪು, ಯಂತ್ರದೋಷ, ವರದಿ ರದ್ದು.

ಆ ಅಕ್ಷರ ಎಲ್ಲಿಂದ ಬಂದವೆಂದು ಅವಳಿಗೆ ಚೆನ್ನಾಗಿ ಗೊತ್ತು. ತಿಂಗಳುಗಟ್ಟಲೆ ಹಸಿರಿದ್ದ ಶಾಲೆಯಲ್ಲಿ ಒಂದೇ ಒಂದು ಕೆಂಪು ಬಂದರೆ ಅದನ್ನು ದೋಷವೆಂದು ತೆಗೆದುಹಾಕಬೇಕು. ಕೇಂದ್ರದಲ್ಲಿ ಅವಳ ಕುರ್ಚಿಯ ಕೆಲಸವೇ ಅದು. ಇಂದು ಆ ಕುರ್ಚಿಯಲ್ಲಿ ಕೂತ ಇನ್ಯಾರೋ, ಚಹಾ ಕುಡಿಯುತ್ತ, ನಿಯಮದ ಪ್ರಕಾರ ಗುಂಡಿ ಒತ್ತಿದ್ದರು. ಮತ್ತೊಮ್ಮೆ ಊದಿಸಿದಳು. ಕೆಂಪು, ರದ್ದು. ಮೂರನೆಯ ಸಲಕ್ಕೆ ಬನಶ್ರೀ ತಲೆ ತಿರುಗುತ್ತಿದೆಯೆಂದು ಕೂತುಬಿಟ್ಟಳು.

ಮಂದಾಕಿನಿ ಹಣೆ ಒತ್ತಿಕೊಂಡು ಯೋಚಿಸಿದಳು. ಒಂಟಿ ಕೆಂಪು ದೋಷ. ಆದರೆ ಒಂದೇ ತರಗತಿಯಲ್ಲಿ ಒಂದೇ ದಿನ ಐದು ಜನಕ್ಕೆ ಕೆಂಪು ಬಂದರೆ, ರದ್ದಾದದ್ದನ್ನೂ ಸೇರಿಸಿ, ಅದು ಹರಡುತ್ತಿರುವ ರೋಗ. ಅದಕ್ಕೆ ಯಾರ ಗುಂಡಿಯೂ ಬೇಕಿಲ್ಲ. ದವಾಖಾನೆಯ ಕಪಾಟು ತಾನಾಗಿಯೇ ತೆರೆಯುತ್ತದೆ. ತಾನು ಯೋಚಿಸಿದ್ದು ಸರಿಯೋ ತಪ್ಪೋ ಎಂದು ಒಂದು ಕ್ಷಣ ಅಳುಕಿದಳು. ಬನಶ್ರೀ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಕಿವಿ ಜ್ವರಕ್ಕೆ ಕೆಂಪಾಗಿತ್ತು.

"ಟೀಚರ್, ಎಲ್ಲಾ ತುದೀನೂ ತರ್ರಿ. ಎಲ್ಲಾ ಮಕ್ಕಳನ್ನೂ ಊದಸೂಣು."

"ತನಿಖೆ ಗುರುವಾರನ ಐತ್ರೀ! ಖಾಲಿ ಡಬ್ಬಿ ತೋರಿಸಲೇನು? ನನ್ನ ಕೆಲಸಾ ಹೋದ್ರ ನೀವು ಕೊಡ್ತೀರೇನು?"

"ಇಲ್ಲೆ ನೋಡ್ರಿ. ಇವರೊಳಗ ಗಂಟಲಾ ನೋಯಾಕತ್ತಿದ್ದು ಯಾರಿಗೆ? ಕೈ ಎತ್ತರಿ ಮಕ್ಕಳ್ಯಾ."

ಮೊದಲು ಎರಡು ಕೈ ಮೇಲೆದ್ದವು. ಆಮೇಲೆ ನಾಲ್ಕು. ಆಮೇಲೆ ಕಿಟಕಿಯ ಕಡೆಯ ಸಾಲು ಬಹುತೇಕ ಪೂರ್ತಿ. ಕಸ್ತೂರಿ ಟೀಚರ್ ಆ ಕೈಗಳನ್ನು ನೋಡುತ್ತ ನಿಂತರು. ತಮ್ಮ ಗಂಟಲನ್ನೊಮ್ಮೆ ಮುಟ್ಟಿ ನೋಡಿಕೊಂಡರು. ಆಮೇಲೆ ಸೊಂಟದ ಕೀಲಿಕೈ ಗೊಂಚಲು ಬಿಚ್ಚಿ, "ಬೈಸಿಕೊಳ್ಳೂ ಹಣೆಬರಾ ಇದ್ರ ಒಮ್ಮೆ ಸರಿಯಾಗೇ ಬೈಸಿಕೊಳ್ಳೂಣು," ಎಂದು ಕಪಾಟಿನ ಕಡೆ ನಡೆದರು.

ಊದಿಸುವುದು ಸುಲಭವಿರಲಿಲ್ಲ. ಮೂವರು ಹುಡುಗರು ಓಡಿಹೋಗಿ ಪಾಯಖಾನೆಯಲ್ಲಿ ಅಡಗಿದರು. ಒಬ್ಬಳು ತುಟಿ ಹಚ್ಚಿ, ಆಮೇಲೆ ನಳದ ಬಳಿ ಹೋಗಿ ಬಾಯಿ ತೊಳೆದೂ ತೊಳೆದೂ ಅಂಗಿ ಒದ್ದೆ ಮಾಡಿಕೊಂಡಳು. ಕೊನೆಗೆ ಟೀಚರ್ ತಾವೇ ಒಂದು ತುದಿ ಬಾಯಿಗಿಟ್ಟು ಊದಿ ತೋರಿಸಿದರು. ಅವರದೂ ಕೆಂಪು ಬಂದಾಗ ತರಗತಿ ಚಪ್ಪಾಳೆ ತಟ್ಟಿತು. ಐದನೆಯ ಕೆಂಪು ಬಿದ್ದೊಡನೆ ಯಂತ್ರ ಸಣ್ಣಗೆ ಕೂಗತೊಡಗಿತು. ಕೊನೆಯ ಮಗು ಊದುವ ಹೊತ್ತಿಗೆ ಕೆಂಪು ಹನ್ನೊಂದಾಗಿತ್ತು.

ಮಂದಾಕಿನಿಯ ಫೋನು ಬಡಿದುಕೊಂಡಿತು.

"ಏನ್ರೀ ಹೂಗಾರ ಮೇಡಂ! ರಜಾ ಹಾಕಿ ಅಲ್ಲಿ ಏನ್ ಹಚ್ಚೀರಿ? ಗಿರಣಿಚಾಳಿನ ದೀಪ ಕೆಂಪಾಗಿ ಕುಣ್ಯಾಕತ್ತೈತಿ! ಯಂತ್ರ ಕೆಟ್ಟೈತಿ, ಬಂದ್ ಮಾಡ್ರಿ ಅದನ್ನ!"

"ಯಂತ್ರ ಕೆಟ್ಟಿಲ್ಲ ಸರ್. ಇವತ್ತ ಮೊದಲನೇ ಸಲ ಕೆಲಸಾ ಮಾಡಾಕತ್ತೈತಿ." ಅವಳು ನಡೆದದ್ದನ್ನು ಹೇಳಿದಳು. ಹೇಳುವಾಗ ನಾಲಗೆ ತೊದಲಿತು. ಅಧಿಕಾರಿಗಳ ಮುಂದೆ ಯಾವಾಗಲೂ ಹಾಗೆ. "ಎತ್ತಿ ಊದತಾರ ಸರ್. ಬರೇ ಇಲ್ಲಿ ಅಲ್ಲ, ಎಲ್ಲಾ ಸಾಲ್ಯಾಗೂ ಹಿಂಗ ಇರತೈತಿ."

"ಎತ್ತಿ ಊದೂದಂದ್ರೇನ್ರೀ? ಯಾರು ಹಂಗ ಊದತಾರ? ನಂಬೂ ಮಾತಾಡ್ರಿ."

"ನಾವು ನೀರು ಹೆಂಗ ಕುಡೀತೀವಿ ಸರ್?"

ಆ ಕಡೆಯಿಂದ ನೀರು ಗಟಗಟ ಗಂಟಲಿಗೆ ಬೀಳುವ ಸದ್ದು ಬರುತ್ತಿತ್ತು. ಸಾಹೇಬರಿಗೆ ಸಿಟ್ಟು ಬಂದಾಗ ನೀರು ಕುಡಿಯುವ ರೂಢಿ. ಸದ್ದು ನಡುವೆಯೇ ನಿಂತಿತು. ಆಮೇಲೆ ಬಾಟಲಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟದ್ದು ಕೇಳಿಸಿತು.

"...ಗುರುವಾರ ಒಂದು ಮುಗೀಲ್ರಿ ಮಂದಾಕಿನಿಯವರೆ," ಅವರ ದನಿ ಈಗ ಬೇಡುವವರದಾಗಿತ್ತು. "ಪೆಂಡಾಲ ಹಾಕ್ಯಾರ. ಕರೆಯೋಲೆ ಹೋಗ್ಯಾವ. ಶುಕ್ರವಾರ ಎಲ್ಲಾ ಸರಿ ಮಾಡೂಣು."

"ನನ್ನ ಮಗಳ ಎದಿಗೆ ಗುರುವಾರ, ಶುಕ್ರವಾರ ತಿಳಿಯಂಗಿಲ್ಲ ಸರ್. ನೀವು ತಂತಿ ಕಿತ್ತಿದ್ರ ಕಪಾಟು ಮತ್ತ ಮುಚ್ಚತೈತಿ. ಕೀಳೂದಿದ್ರ ಈಗ ಹೇಳಿಬಿಡ್ರಿ, ನಾ ಆಕೀನ ಕರಕೊಂಡು ಲ್ಯಾಬು ಇನ್ನೂ ಇರೂ ಮುಂಬೈಗೆ ಹೋಗ್ತೀನಿ."

"ನಾ ಏನೂ ಕಿತ್ತಿಲ್ಲ," ಎಂದರು ಸಾಹೇಬರು. "ನಾ ಏನೂ ನೋಡೂ ಇಲ್ಲ. ನಾ ಊಟಕ್ಕ ಹೋಗಾಕತ್ತೀನಿ."

ಅಷ್ಟು ಸಾಕಿತ್ತು.

*

ದವಾಖಾನೆಯ ಕಪಾಟು ತೆರೆದಿತ್ತು. ಆದರೆ ಅದಕ್ಕೆ ಮುಂಚೆಯೇ ಚಾಳಿನ ತಾಯಂದಿರು ಬಾಗಿಲಲ್ಲಿ ತುಂಬಿಕೊಂಡಿದ್ದರು.

"ನಿನ್ನಿ ಹಸಿರು ಅಂದ್ರಿ, ಇವತ್ತ ಕೆಂಪು ಅಂತೀರಿ. ನಾಳೆ ಹಳದಿ ಅಂತೀರೇನು?"

"ನನ್ನ ಮಗಳ ಬಾಯಾಗ ಪೀಪಿ ತುರುಕ್ಯಾರಂತ! ಯಾರ ಎಂಜಲದ್ದೋ ಏನೋ!"

"ಕೇಂದ್ರದಾಕಿ ಮಗಳಿಗೆ ಮೊದಲ ಸೂಜಿಯಂತ! ನೋಡ್ರಿ ಹೆಂಗೈತಿ ಲೋಕಾ!"

ಈ ಕೊನೆಯ ಮಾತಿಗೆ ಮಂದಾಕಿನಿಯ ಕಾಲು ನಿಂತವು. ನ್ಯಾಯವಾಗಿಯೇ ಕೇಳಿದ್ದಾರೆ ಎನಿಸಿತು. ಒಳಗೆ ಸೂಜಿ ಎಷ್ಟಿವೆಯೋ, ಬೇರೆ ಮಗುವಿನ ಪಾಲು ತಾನು ಕಸಿಯುತ್ತಿದ್ದೇನೋ. ಅವಳು ಮಗಳ ಕೈ ಹಿಡಿದು ಹಿಂದೆ ಸರಿಯಹೋದಳು. ಡಾಕ್ಟರ್ ಫರ್ಜಾನಾ ಹೊರಗೆ ಬಂದು ಅವಳ ರಟ್ಟೆ ಹಿಡಿದರು.

"ಎಲ್ಲಿಗೆ ಹೊಂಟಿ? ಒಳಗ ನಡಿ. ಕೇಳ್ರಿ ಎಲ್ಲಾರೂ! ಈ ಹುಡುಗಿಗೆ ಎದೀಗೆ ಒಮ್ಮೆ ಪೆಟ್ಟು ಬಿದ್ದೈತಿ. ಅದಕ್ಕ ಸೂಜಿ, ಅದಕ್ಕ ಮೊದಲು. ಉಳಿದವರಿಗೆ ಮಾತ್ರೆ ಸಾಕು, ಅಷ್ಟ ಗಟ್ಟಿ ಔಷಧ ಅದು. ಆದ್ರ ಹತ್ತು ದಿನ ನುಂಗಬೇಕು. ಎರಡು ದಿನಕ್ಕ ನೋವು ಹೋತು ಅಂತ ಮಾತ್ರೆ ಎತ್ತಿಟ್ರ ನಾ ಮನಿಗೇ ಬಂದು ಬೈತೀನಿ. ಕೆಂಪು ಬಂದು ನೋವಿಲ್ಲದವರು ಒಂದಿಬ್ಬರು ಇರ್ತಾರ. ಅವರ ಗಂಟಲದಾಗ ಅದು ಬಾಡಿಗೆದಾರನಂಗ ಸುಮ್ಮನ ಕುಂತಿರತೈತಿ. ಅವರನ್ನ ನಾ ಬ್ಯಾರೆ ನೋಡ್ತೀನಿ."

ಸಾಲಿನ ಹಿಂದೆ ಒಬ್ಬಾಕೆ ಕಂಕುಳಲ್ಲಿ ಒಂದು ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಡಾಕ್ಟರ ಕಣ್ಣು ಕೂಸಿನ ಊದಿದ ರೆಪ್ಪೆಯ ಮೇಲೆ, ಆಮೇಲೆ ಮೊಣಕಾಲಿನ ಒಣಗಿದ ಹುಣ್ಣುಗಳ ಮೇಲೆ ಬಿತ್ತು.

"ಇವನ ಉಚ್ಚಿ ಬಣ್ಣ ಹೆಂಗೈತಿ?"

"ಕರೇ ಚಾ ಇದ್ದಂಗ ಐತ್ರಿ. ಬಿಸಿಲಿಗೆ ಅಂತ ಸುಮ್ಮನಿದ್ವಿ."

"ಬಿಸಿಲಿಗಲ್ಲವಾ. ಚರ್ಮದ ಹುಣ್ಣಿನ್ಯಾಗೂ ಇದ ರೋಗಾಣು ಇರತೈತಿ, ಮೂತ್ರಪಿಂಡಕ್ಕ ತೊಂದ್ರಿ ಕೊಡತೈತಿ. ಪೀಪಿ ಇದನ್ನ ಹೆಂಗ ಊದಿದ್ರೂ ಕಂಡುಹಿಡಿಯಂಗಿಲ್ಲ. ನೀನೂ ಒಳಗ ಬಾ, ದೊಡ್ಡ ದವಾಖಾನಿಗೆ ಚೀಟಿ ಕೊಡ್ತೀನಿ." ಡಾಕ್ಟರು ಉಸಿರುಬಿಟ್ಟರು. "ಎಂಟು ತಿಂಗಳು! ಎಂಟು ತಿಂಗಳು ಎಲ್ಲಾರ ಬಾಯಿ ಮುಚ್ಚಿಸಿ ಕುಂತಿತ್ತು ಒಂದು ಹಸಿರು ದೀಪ!"

ಸೂಜಿಯ ಔಷಧ ದಪ್ಪ, ನಿಧಾನವಾಗಿ ಇಳಿಸಬೇಕು. ಬನಶ್ರೀ ತಾಯಿಯ ಮುಂಗೈ ಕಚ್ಚಿ ಹಿಡಿದಳು. ಹಲ್ಲಿನ ಗುರುತು ಮೂಡಿದರೂ ಮಂದಾಕಿನಿ ಕೈ ಬಿಡಿಸಿಕೊಳ್ಳಲಿಲ್ಲ. ಆಮೇಲೆ ಡಾಕ್ಟರು ಹುಡುಗಿಯ ಎದೆಗೆ ಸ್ಟೆತಾಸ್ಕೋಪು ಇಟ್ಟು, ಮಲಗಿಸಿ ಕೇಳಿದರು, ಕೂರಿಸಿ ಕೇಳಿದರು, ಎಡಕ್ಕೆ ಹೊರಳಿಸಿ ಕೇಳಿದರು. ಹೊರಗಿನ ಗದ್ದಲಕ್ಕೆ ಒಮ್ಮೆ "ಸುಮ್ಮನಿರ್ರೀ!" ಎಂದು ಗದರಿ ಮತ್ತೆ ಕೇಳಿದರು.

"ಹಳೇ ಸಪ್ಪಳನ ಐತಿ. ಹೊಸಾದು ನನಗ ಕೇಳಲಿಲ್ಲ."

"ಅಂದ್ರ ಪಾರಾದಳೇನ್ರಿ?"

"ಸರಿಯಾದ ಹೊತ್ತಿಗೆ ಬಿದ್ದೈತಿ. ಬಹುತೇಕ ಪಾರು."

"ಬಹುತೇಕ ಅಂದ್ರ? ಹೌದೋ ಅಲ್ಲೋ ಹೇಳ್ರಿ ಮೇಡಂ." ಅವಳಿಗೇ ತನ್ನ ದನಿ ಹೆಡ್‌ಫೋನಿನಲ್ಲಿ ಕೂಗುವವರ ದನಿಯಂತೆ ಕೇಳಿಸಿತು.

"ಮೂರು ವಾರ ಹೋಗಬೇಕು. ಕೀಲು ಬಾತವೇನು, ಓಡಿದ್ರ ಏದುಸಿರು ಬರತೈತೇನು, ಕೈಕಾಲು ತಮ್ಮಷ್ಟಕ್ಕ ಕುಣೀತಾವೇನು, ನೋಡಬೇಕು. ಅದನ್ನ ಇವತ್ತ ಹೇಳೂ ದೀಪ ಯಾರೂ ಮಾಡಿಲ್ಲ ಮಂದಾಕಿನಿ. ನೀನು ನೋಡಬೇಕು, ನಾ ಕೇಳಬೇಕು. ಮತ್ತ ಇನ್ನ ಮ್ಯಾಲೆ ಸೂಜಿ ತಪ್ಪಸೂದಿಲ್ಲ, ಯಾವ ಬಣ್ಣ ಬಂದ್ರೂ."

*

ಸಂಜೆ ಮನೆಯಲ್ಲಿ ಬನಶ್ರೀ ಒಂದು ಮಗ್ಗುಲಿಗೆ ಮಲಗಿ ಎಲ್ಲರ ಮೇಲೂ ಮುನಿಸಿಕೊಂಡಿದ್ದಳು. ಅಜ್ಜಿಯ ಮೇಲೆ ಹೆಚ್ಚು. ಸೂಜಿ ಹಾಕಿಸಿಕೊಂಡವಳಿಗೆ ಚಾಕಲೇಟು ಬಿಟ್ಟು ಗಂಜಿ ಕೊಟ್ಟಿದ್ದರು. ಬಸಲಿಂಗವ್ವ ತಾವೂ ಮುಖ ಊದಿಸಿಕೊಂಡಿದ್ದರು.

"ತುಟಿ ಹಚ್ಚಿ ಊದಿದ್ಲಂತ. ಅದೂ ಮಂದಿ ಮುಂದ."

"ಹೊಸಾ ತುದಿ ಇತ್ತು ಅತ್ತಿ."

"ಇರಲಿ ಬಿಡು. ಹುಡುಗಿ ನೆಟ್ಟಗ ಆದ್ರ ಸಾಕು." ಗಂಜಿಯ ಬಟ್ಟಲು ಎತ್ತಿಟ್ಟು ಮತ್ತೆ, "ಆ ಟೀಚರ್ರು ತಾವೂ ಹಚ್ಚಿದ್ರೇನು?" ಎಂದು ಕೇಳಿ, ಹೌದೆಂದಾಗ ಬಾಯಿಗೆ ಸೆರಗು ಒತ್ತಿಕೊಂಡು ಒಲೆಯ ಕಡೆ ತಿರುಗಿದರು. ನಕ್ಕರೋ ಅಸಹ್ಯಪಟ್ಟರೋ ಬೆನ್ನಿನಿಂದ ತಿಳಿಯಲಿಲ್ಲ.

ಕಸ್ತೂರಿ ಟೀಚರ್ ಫೋನು ಮಾಡಿ ಪಕ್ಕದ ಶಾಲೆಯವರೂ ತುದಿಯ ಡಬ್ಬಿ ಒಡೆದಿದ್ದಾರೆಂದು ಹೇಳಿದರು. ಗೋಡೆಯ ಮೇಲೆ ಈಗ ಎಷ್ಟು ಕೆಂಪಿರಬಹುದೆಂದು ಮಂದಾಕಿನಿ ಯೋಚಿಸಹೋಗಿ, ಬೇಡವೆಂದು ಬಿಟ್ಟಳು. ಮಗಳ ಹಾಸಿಗೆಯ ಪಕ್ಕ ಕೂತಳು. ಮಂಡಿ ಮುಟ್ಟಿ ನೋಡಿದಳು. ಬಿಸಿಯಿತ್ತು, ಆದರೆ ಮೈಯೆಲ್ಲವೂ ಬಿಸಿಯಿತ್ತು. ಬೆರಳು ಹಿಡಿದು ನೋಡಿದಳು, ಕುಣಿಯುತ್ತಿರಲಿಲ್ಲ. ಕೊನೆಗೆ ಬಗ್ಗಿ, ಅಂಗಿಯ ಮೇಲೆ, ಎಡ ಎದೆಗೆ ಕಿವಿಯಿಟ್ಟಳು.

ಲಬ್ ಡಬ್ ಎಂದು ಕೇಳಿತು. ಅದರ ನಡುವೆ ಗಾಳಿ ಸೀಟಿ ಹೊಡೆದ ಹಾಗೆ ಏನೋ. ಅದು ಹಳೆಯದೋ, ಹೊಸದೋ, ಇಲ್ಲ ಅತ್ತೆಯ ಒಲೆಯ ಮೇಲಿನ ಪಾತ್ರೆಯದೋ, ಅವಳಿಗೆ ತಿಳಿಯಲಿಲ್ಲ. ಇನ್ನೂ ಒತ್ತಿ ಕಿವಿಯಿಟ್ಟಳು.

"ಅವ್ವಾ," ಬನಶ್ರೀ ಕಣ್ಣು ತೆರೆಯದೆ ಗೊಣಗಿದಳು, "ನಿನ್ನ ಓಲಿ ಚುಚ್ಚಾಕತ್ತೈತಿ. ಅಲ್ಲಿ ಸೂಜಿ, ಇಲ್ಲಿ ಓಲಿ. ಎಷ್ಟಂತ ತಡಕೊಳ್ಳಲಿ ನಾ?"

ಮಂದಾಕಿನಿ ತಲೆಯೆತ್ತಿ, ಕಿವಿಯ ಓಲೆ ಬಿಚ್ಚಿ ದಿಂಬಿನ ಕೆಳಗೆ ಸರಿಸಿ, ಮತ್ತೆ ಎದೆಗೆ ಕಿವಿ ಹಚ್ಚಿದಳು.